ಸಂಘದ ಉದ್ದಿಮೆಯಲ್ಲಿ ಜಗಳ: ಬಿಡಿಸುವುದು ಹೇಗೆ? ಬಿಟ್ಟರೆ ನಷ್ಟ ಎಷ್ಟು?



ಸಂಘ ಕಟ್ಟಿದ ಮೊದಲ ವಾರದಿಂದಲೇ ನಾವು ನಿಮಗೆ ಪಂಚಸೂತ್ರ ಹೇಳಿಕೊಡುತ್ತೇವೆ. ನಿಯಮಿತ ಸಭೆ, ನಿಯಮಿತ ಉಳಿತಾಯ, ಆಂತರಿಕ ಸಾಲ, ಸರಿಯಾದ ಮರುಪಾವತಿ, ಪುಸ್ತಕ ಬರೆಯುವುದು. ಎಷ್ಟೋ ಅಕ್ಕಂದಿರಿಗೆ ಇದು ಬಾಯಿಪಾಠ ಆಗಿದೆ. ಆದರೆ ಈ ಐದರಲ್ಲಿ ಜಗಳದ ಮಾತು ಎಲ್ಲೂ ಇಲ್ಲ. ಬರೀ ಉಳಿತಾಯ, ಸಾಲ ಮಾಡುವ ಸಂಘಕ್ಕೆ ಅದು ಅಷ್ಟಾಗಿ ಬೇಕಾಗುವುದೂ ಇಲ್ಲ. ವಾರಕ್ಕೊಮ್ಮೆ ಒಂದು ಗಂಟೆ ಕೂತು, ಹಣ ಕಟ್ಟಿ, ಸಹಿ ಹಾಕಿ ಎದ್ದರೆ ಮುಗಿಯಿತು. ಒಬ್ಬರ ಮೇಲೆ ಒಬ್ಬರಿಗೆ ಸಿಟ್ಟು ಬಂದಿದ್ದರೂ ಮುಂದಿನ ವಾರದ ಹೊತ್ತಿಗೆ ಆರಿರುತ್ತದೆ.

ಸಂಘ ಉದ್ದಿಮೆ ಶುರು ಮಾಡಿದ ಮೇಲೆ ಹಾಗಲ್ಲ. ದಿನಕ್ಕೆ ಆರೇಳು ಗಂಟೆ ಒಂದೇ ಶೆಡ್ಡಿನಲ್ಲಿ, ಒಂದೇ ಒಲೆಯ ಝಳದಲ್ಲಿ, ಒಂದೇ ಡಬ್ಬಿಯ ದುಡ್ಡಿನ ಲೆಕ್ಕದಲ್ಲಿ ಇರಬೇಕು. ಮಾತಿಗೆ ಮಾತು ಬೆಳೆಯಲು ಹೊತ್ತು ಬೇಕಾಗಿಲ್ಲ. ಹಲವು ಊರುಗಳಲ್ಲಿ ನಾವು ನೋಡಿದ್ದೇನೆಂದರೆ, ಸಂಘದ ಉದ್ದಿಮೆ ನಿಲ್ಲುವುದು ಗಿರಾಕಿ ಇಲ್ಲದೆ ಅಲ್ಲ, ಬ್ಯಾಂಕ್ ಸಾಲ ಕೊಡದೆಯೂ ಅಲ್ಲ. ಒಳಗೇ ಮುನಿಸು ಬಂದು ನಿಲ್ಲುತ್ತದೆ. ಹೊರಗಿನವರು ಕೇಳಿದರೆ ಮಾತ್ರ "ಮಾರ್ಕೆಟ್ ಇರಲಿಲ್ಲರೀ" ಅನ್ನುತ್ತಾರೆ.

ಈ ಪಾಠಕ್ಕೆ ರೊಟ್ಟಿ ಘಟಕವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ನಿಮ್ಮ ಭಾಗದಲ್ಲಿ ಹಪ್ಪಳ, ಉಪ್ಪಿನಕಾಯಿ, ಮಸಾಲೆ ಪುಡಿ, ಹೊಲಿಗೆ ಏನೇ ಇದ್ದರೂ ಹೆಚ್ಚು ಕಡಿಮೆ ಇದೇ ಕಥೆ.

ಗುಣ ನೋಡುವ ಮೊದಲು ವ್ಯವಸ್ಥೆ ನೋಡಿ

ಜಗಳ ಯಾಕಾಯಿತು ಎಂದು ಕೇಳಿದಾಗ ಸಿಗುವ ಮೊದಲ ಉತ್ತರ, "ಆಕಿ ಗುಣಾನ ಹಂಗೈತ್ರೀ ಸಿಸ್ಟರ್, ಏನ್ ಮಾಡೂದು." ಇರಬಹುದು. ಎಲ್ಲರಿಗೂ ಒಂದೊಂದು ಗುಣ ಇದೆ. ಆದರೆ ಗುಣವನ್ನು ಸಭೆಯಲ್ಲಿ ಠರಾವು ಮಾಡಿ ಬದಲಾಯಿಸಲು ಬರುವುದಿಲ್ಲ. ವ್ಯವಸ್ಥೆಯನ್ನು ಬದಲಾಯಿಸಬಹುದು. ಹಾಗಾಗಿ ನಾವು ಕೇಳುವುದು ಬೇರೆ ಪ್ರಶ್ನೆ: ಯಾವ ಹೊತ್ತಿನಲ್ಲಿ, ಯಾವ ಕೆಲಸದಲ್ಲಿ, ಯಾವ ವಸ್ತುವಿನ ಮೇಲೆ ಜಗಳ ಆಯಿತು?

ಹೀಗೆ ಕೇಳಿದರೆ ಉತ್ತರ ಬೇರೆಯೇ ಬರುತ್ತದೆ. ಹತ್ತು ಮಂದಿಯ ಒಂದು ರೊಟ್ಟಿ ಘಟಕ ಎಂದುಕೊಳ್ಳಿ. ಎಂಟು ಮಂದಿ ರೊಟ್ಟಿ ಬಡಿಯುತ್ತಾರೆ, ಇಬ್ಬರು ಎಣಿಸಿ ಪ್ಯಾಕ್ ಮಾಡುತ್ತಾರೆ. ಎಲ್ಲರಿಗೂ ದಿನಕ್ಕೆ 250 ರೂಪಾಯಿ ಕೂಲಿ. ಕೇಳಲು ಇದು ನ್ಯಾಯವೇ, ಎಲ್ಲರೂ ಸಮಾನರು. ಆದರೆ ಒಬ್ಬಳು ಹೇಳುತ್ತಾಳೆ: "ನಾ ನೂರಾ ಮೂವತ್ತು ಬಡೀತೀನಿ, ಆಕಿ ಎಂಬತ್ತು ಬಡೀತಾಳ. ಸಂಜಿಗೆ ಇಬ್ಬರಿಗೂ ಅಷ್ಟ ರೊಕ್ಕ." ಎಂಬತ್ತು ಬಡಿಯುವವಳು ಹೇಳುತ್ತಾಳೆ: "ಚಲೋ ನಾದಿದ ಹಿಟ್ಟೆಲ್ಲಾ ಆಕಿ ಮುಂದ. ನನಗ ಬರೋದು ಹರಿಯೋ ಹಿಟ್ಟು." ಇಬ್ಬರೂ ಸೇರಿ ಪ್ಯಾಕ್ ಮಾಡುವವಳ ಕಡೆ ನೋಡುತ್ತಾರೆ: "ಅಧ್ಯಕ್ಷರ ನಾದಿನಿ ಅಂತ ಆಕಿಗೆ ಒಲಿ ಮುಂದ ಕೂಡೂ ತ್ರಾಸಿಲ್ಲ."

ನೋಡಿ, ಇಲ್ಲಿ ಯಾರೂ ಕೆಟ್ಟವರಲ್ಲ. ಕೂಲಿಯ ಲೆಕ್ಕ, ಹಿಟ್ಟು ಹಂಚುವ ಕ್ರಮ, ಒಲೆಯ ಮುಂದೆ ಯಾರು ಎಷ್ಟು ದಿನ ಎಂಬ ಪಾಳಿ, ಈ ಮೂರನ್ನೂ ಸಂಘ ಮೊದಲೇ ಕೂತು ಮಾತಾಡಿಲ್ಲ, ಅಷ್ಟೇ. ಮಾತಾಡದೆ ಬಿಟ್ಟ ಜಾಗದಲ್ಲಿ ಸಂಶಯ ಬಂದು ಕೂತಿದೆ. ಹಣದ ಡಬ್ಬಿಯ ಕೀಲಿ ಯಾರ ಬಳಿ, ಮುರಿದ ರೊಟ್ಟಿ ಯಾರ ಮನೆಗೆ, ತಡವಾಗಿ ಬಂದರೆ ಏನು ಎಂಬುವೂ ಇದೇ ಸಾಲಿಗೆ ಸೇರಿದವು. ಮುರಿದ ರೊಟ್ಟಿಯ ಮೇಲೆ ಎಂಥ ಜಗಳ ಎಂದು ಗಂಡಸರು ನಗಬಹುದು. ದಿನಾ ಹತ್ತು ಮುರಿದ ರೊಟ್ಟಿ ಒಬ್ಬರ ಮನೆಗೇ ಹೋಗುತ್ತಿದ್ದರೆ ಉಳಿದವರಿಗೆ ಅದು ಕಣ್ಣಿಗೆ ಬಿದ್ದೇ ಬೀಳುತ್ತದೆ.

ತಡವಾಗಿ ಬರುವ ವಿಷಯ ಇನ್ನೊಂದು ಮಾತು ಬೇಡುತ್ತದೆ. ದಂಡ ಹಾಕುವ ಮೊದಲು ಯಾಕೆ ತಡ ಎಂದು ಕೇಳಿರಿ. ವಾರಕ್ಕೊಮ್ಮೆ ನಲ್ಲಿ ನೀರು ಬರುವ ಓಣಿಯಲ್ಲಿ ನೀರು ಬಂದ ದಿನ ಯಾವ ಹೆಂಗಸೂ ಬೆಳಿಗ್ಗೆ ಒಂಬತ್ತಕ್ಕೆ ಶೆಡ್ಡಿಗೆ ಬರಲಾರಳು. ಆ ದಿನ ಹನ್ನೊಂದಕ್ಕೆ ಬಂದು ಸಂಜೆ ಎರಡು ಗಂಟೆ ಹೆಚ್ಚು ಕೂರಲಿ ಎಂದು ಮೊದಲೇ ಬರೆದಿಟ್ಟರೆ ಅದು ತಡವೂ ಅಲ್ಲ, ಜಗಳವೂ ಅಲ್ಲ. ಮನೆಯಲ್ಲಿ ರಾತ್ರಿ ಗಂಡ ಕುಡಿದು ಹೊಡೆದಿರುತ್ತಾನೆ, ಬೆಳಿಗ್ಗೆ ಆ ಸಿಟ್ಟು ಪಕ್ಕದ ಒಲೆಯವಳ ಮೇಲೆ ಬರುತ್ತದೆ, ಹೀಗೂ ಆಗುತ್ತದೆ. ಅದಕ್ಕೆ ದಂಡದ ಔಷಧ ಇಲ್ಲ. ಆಕೆಯ ಜೊತೆ ನಿಲ್ಲುವ ಔಷಧ ಬೇಕು.

ಬಾಯಿ ಮುಚ್ಚಿದರೆ ಶಾಂತಿಯೇ?

ನಮಗೆ ಚಿಕ್ಕಂದಿನಿಂದ ಒಂದೇ ಬುದ್ಧಿಮಾತು: "ಹೊಂದ್ಕೊಂಡು ಹೋಗವ್ವಾ." ತವರಿನಲ್ಲಿ ಅಣ್ಣನ ಜೊತೆ, ಗಂಡನ ಮನೆಯಲ್ಲಿ ಅತ್ತೆಯ ಜೊತೆ, ಈಗ ಸಂಘದಲ್ಲಿ ಅಧ್ಯಕ್ಷೆಯ ಜೊತೆ. ಹೊಂದಿಕೊಳ್ಳುವುದು ಒಳ್ಳೆಯ ಗುಣವೇ, ನಾವು ಬೇಡ ಅನ್ನುವುದಿಲ್ಲ. ಆದರೆ ಯಾವಾಗಲೂ ಒಬ್ಬರೇ ಹೊಂದಿಕೊಳ್ಳುತ್ತಿದ್ದರೆ ಅದಕ್ಕೆ ಹೊಂದಾಣಿಕೆ ಎಂಬ ಹೆಸರು ಸಲ್ಲದು. ಸಭೆಯಲ್ಲಿ ಸುಮ್ಮನಿದ್ದವಳು ದಾರಿಯಲ್ಲಿ ಮಾತಾಡುತ್ತಾಳೆ. ನಲ್ಲಿಯ ಹತ್ತಿರ, ಗಿರಣಿಯ ಹತ್ತಿರ, ಕೊನೆಗೆ ಗಿರಾಕಿಯ ಅಂಗಡಿಯ ಮುಂದೆಯೇ ಮಾತು ಬಿಚ್ಚುತ್ತದೆ. ಅದು ತಿರುಗಿ ನಿಮ್ಮ ಕಿವಿಗೆ ಬರುವಷ್ಟರಲ್ಲಿ ಒಂದಕ್ಕೆ ನಾಲ್ಕಾಗಿರುತ್ತದೆ.

ನಮ್ಮ ಅನುಭವದಲ್ಲಿ ಸಭೆಯಲ್ಲಿ ಗಟ್ಟಿಯಾಗಿ ವಾದ ಮಾಡುವ ಸಂಘಗಳು ಉಳಿದುಕೊಂಡಿವೆ. ಯಾರೂ ಮಾತೇ ಆಡದ, ಎಲ್ಲಾ ಠರಾವಿಗೂ "ಹೂಂ" ಅನ್ನುವ ಸಂಘ ನೋಡಿದರೆ ನಮಗೆ ಹೆದರಿಕೆ ಆಗುತ್ತದೆ.

ಒಡಕು ಬಂತೆಂದರೆ ಎಲ್ಲಾ ಮುಗಿಯಿತು ಎಂದೂ ತಿಳಿಯಬೇಡಿ. ಸ್ವಸಹಾಯ ಸಂಘ ಎಂಬ ಈ ಪದ್ಧತಿಗೆ ನಮ್ಮ ಕರ್ನಾಟಕದಲ್ಲಿ ದಾರಿ ಆಗಿದ್ದೇ ಒಂದು ಒಡಕು. 1984-85ರ ಸುಮಾರಿಗೆ ಮೈರಾಡ ಸಂಸ್ಥೆ ಬೆಳೆಸಿದ್ದ ಕೆಲವು ದೊಡ್ಡ ಸಹಕಾರ ಸಂಘಗಳು ಒಡೆದವು. ನಾಯಕರ ಮೇಲೆ ಸದಸ್ಯರಿಗೆ ನಂಬಿಕೆ ಹೋಗಿತ್ತು. ಒಬ್ಬರನ್ನೊಬ್ಬರು ನಂಬುವವರು ಮಾತ್ರ ಚಿಕ್ಕ ಚಿಕ್ಕ ಗುಂಪಾಗಿ ಬಂದು, ಸಾಲ ತೀರಿಸುತ್ತೇವೆ, ಆದರೆ ಆ ದೊಡ್ಡ ಸಂಘಕ್ಕೆ ಕಟ್ಟುವುದಿಲ್ಲ ಎಂದು ಹೇಳಿದರು. ಹಾಗಾದರೆ ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ ಎಂಬ ಸಲಹೆ ಸಿಕ್ಕಿತು. ಆ ಗುಂಪುಗಳು ಬೆಳೆದವು. 1992ರಲ್ಲಿ ನಬಾರ್ಡ್ ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿದಾಗ ಅದರ ಹಿಂದೆ ಈ ಅನುಭವವೂ ಇತ್ತು. ಅಂದರೆ ಸದಸ್ಯರು ಅಸಮಾಧಾನವನ್ನು ಬಾಯಿಬಿಟ್ಟು ಹೇಳಿದ್ದರಿಂದ ಒಂದು ಹೊಸ ದಾರಿ ಹುಟ್ಟಿತು.

ಜಗಳದ ನಷ್ಟವನ್ನು ಲೆಕ್ಕ ಹಾಕೋಣ

ಹಿಟ್ಟಿನ ಖರ್ಚು ಬರೆಯುತ್ತೇವೆ, ಗ್ಯಾಸಿನ ಖರ್ಚು ಬರೆಯುತ್ತೇವೆ. ಜಗಳದ ಖರ್ಚನ್ನು ಯಾರೂ ಬರೆಯುವುದಿಲ್ಲ. ಈಗ ಬರೆದು ನೋಡೋಣ. ಇದು ಲೆಕ್ಕ ಕಲಿಯಲು ಮಾಡಿದ ಉದಾಹರಣೆ. ನಿಮ್ಮ ಊರಿನ ದರ ಹಾಕಿ ನೀವೇ ಮಾಡಿ ನೋಡಬಹುದು.

ಎಂಟು ಮಂದಿ ಸರಾಸರಿ ನೂರರಂತೆ ದಿನಕ್ಕೆ 800 ರೊಟ್ಟಿ. ಒಂದಕ್ಕೆ 8 ರೂಪಾಯಿಯಂತೆ 6,400 ರೂಪಾಯಿ ವ್ಯಾಪಾರ. ಜೋಳ, ಗಿರಣಿ, ಗ್ಯಾಸ್, ಪ್ಲಾಸ್ಟಿಕ್ ಚೀಲ, ಆಟೋ ಎಲ್ಲಾ ಸೇರಿ ರೊಟ್ಟಿಗೆ 4 ರೂಪಾಯಿ ಹೋದರೆ ಉಳಿಯುವುದು 3,200. ಹತ್ತು ಮಂದಿಯ ಕೂಲಿ 2,500. ಸಂಘಕ್ಕೆ ದಿನಕ್ಕೆ 700 ಉಳಿಯಿತು. ತಿಂಗಳಿಗೆ 25 ದಿನದ ಕೆಲಸ ಎಂದರೆ 17,500. ಇದರಲ್ಲಿ ಶೆಡ್ಡಿನ ಬಾಡಿಗೆ 3,000, ಬ್ಯಾಂಕಿನ ಕಂತು 8,000 ಕಳೆದರೆ ತಿಂಗಳ ಲಾಭ 6,500 ರೂಪಾಯಿ.

ಈಗ ರೊಟ್ಟಿ ಬಡಿಯುವ ಇಬ್ಬರು ಮುನಿಸಿಕೊಂಡು ಆರು ದಿನ ಬರಲಿಲ್ಲ. 1,200 ರೊಟ್ಟಿ ಕಡಿಮೆ. ಅವರಿಬ್ಬರ ಕೂಲಿ 3,000 ರೂಪಾಯಿ ಹೋಯಿತು, ಅದು ಅವರ ಮನೆಯ ನಷ್ಟ. ಸಂಘಕ್ಕೆ ಆದ ನಷ್ಟ 1,800. ಇಷ್ಟೇ ಆದರೆ ತಡೆದುಕೊಳ್ಳಬಹುದು.

ಆದರೆ ದಿನಾ 200 ರೊಟ್ಟಿ ತೆಗೆದುಕೊಳ್ಳುವ ಒಂದು ಖಾನಾವಳಿ ಇದೆ ಎಂದುಕೊಳ್ಳಿ. ಆ ಆರು ದಿನ ಅವರಿಗೆ ಒಮ್ಮೆ 120, ಒಮ್ಮೆ 150 ಹೋಯಿತು. ಖಾನಾವಳಿಯವರಿಗೆ ನಿಮ್ಮ ಜಗಳ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಮಧ್ಯಾಹ್ನ ಊಟಕ್ಕೆ ಬಂದವರ ಎಲೆಗೆ ರೊಟ್ಟಿ ಬೇಕು. ಅವರು ಬೇರೆಯವರಿಗೆ ಹೇಳಿದರು. ಈಗ ದಿನಕ್ಕೆ 600 ರೊಟ್ಟಿ ಮಾತ್ರ ಖರ್ಚಾಗುತ್ತದೆ. ಇಬ್ಬರಿಗೆ ಬಡಿಯುವ ಕೆಲಸವೇ ಇಲ್ಲ. ಪ್ಯಾಕ್ ಮಾಡುವ ಇಬ್ಬರ ಕೂಲಿ, ಬಾಡಿಗೆ, ಕಂತು ಮಾತ್ರ ಕಡಿಮೆ ಆಗುವುದಿಲ್ಲ. 600 ರೊಟ್ಟಿಯಿಂದ ಉಳಿಯುವುದು 2,400. ಎಂಟು ಮಂದಿಯ ಕೂಲಿ 2,000 ಕಳೆದರೆ 400. ತಿಂಗಳಿಗೆ 10,000. ಬಾಡಿಗೆಗೂ ಕಂತಿಗೂ ಬೇಕಾದದ್ದು 11,000. ತಿಂಗಳಿಗೆ ಒಂದು ಸಾವಿರ ರೂಪಾಯಿಯನ್ನು ನಿಮ್ಮ ಉಳಿತಾಯದಿಂದ ತೆಗೆದು ಕಟ್ಟಬೇಕು!

6,500 ಲಾಭ ಬರುತ್ತಿದ್ದ ಘಟಕ 1,000 ನಷ್ಟಕ್ಕೆ ಬಂದು ನಿಂತಿತು. ಜಗಳ ಆಗಿದ್ದು ಯಾಕೆ? ಐವತ್ತು ರೊಟ್ಟಿಯ ಹೆಚ್ಚು ಕಡಿಮೆಗೆ.

ಪುಸ್ತಕದಲ್ಲಿ ಬರೆಯಲು ಬಾರದ ನಷ್ಟವೂ ಇದೆ. ಸಿಟ್ಟಿನಲ್ಲಿ ಬಡಿದ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಶೇಂಗಾ ಚಟ್ನಿಯ ಹದ ಗೊತ್ತಿರುವವಳು ಇನ್ನೊಬ್ಬಳಿಗೆ ಕಲಿಸುವುದಿಲ್ಲ, ತನ್ನ ಬೆಲೆ ಎಲ್ಲಿ ಹೋಗುತ್ತದೋ ಎಂಬ ಭಯ. ಮದುವೆ ಮನೆಯಿಂದ 2,000 ರೊಟ್ಟಿಯ ಆರ್ಡರ್ ಬಂದರೆ ಹೂಂ ಅನ್ನಲು ಧೈರ್ಯ ಸಾಲದು. ನಾಳೆ ಯಾರು ಬರುತ್ತಾರೋ, ಯಾರು ಬರುವುದಿಲ್ಲವೋ. ಮುಂಗಡ ಹಣ ತರಲು ಒಬ್ಬಳನ್ನು ಕಳಿಸಿದರೆ ಉಳಿದವರಿಗೆ ನಂಬಿಕೆ ಇಲ್ಲ, ಮೂವರು ಹೋದರೆ ಬಸ್ ಚಾರ್ಜು ದಂಡ. ಉದ್ದಿಮೆ ಬೆಳೆಯುವುದು ಎಂದರೆ ನಿನ್ನೆ ಒಪ್ಪಿಕೊಳ್ಳಲಾಗದ ಆರ್ಡರನ್ನು ಇಂದು ಒಪ್ಪಿಕೊಳ್ಳುವುದು. ಮುನಿಸು ಇರುವ ಘಟಕ ಇದ್ದ ಗಿರಾಕಿಯನ್ನು ಉಳಿಸಿಕೊಂಡರೇ ಹೆಚ್ಚು.

ಕಿಟಕಿಯ ಕಥೆ

ಸಮಾಜಕಾರ್ಯ ಓದುವವರೆಲ್ಲ ಕೇಳಿರಬೇಕಾದ ಒಂದು ಹೆಸರು ಮೇರಿ ಪಾರ್ಕರ್ ಫಾಲೆಟ್ (1868-1933). ಅಮೆರಿಕದ ಬಾಸ್ಟನ್ ನಗರದ ಬಡ ಬಡಾವಣೆಗಳಲ್ಲಿ, ಸಂಜೆ ಹೊತ್ತು ಶಾಲೆಯ ಕಟ್ಟಡಗಳನ್ನು ಜನರಿಗೆ ತೆರೆಯಿಸಿ ಕೆಲಸ ಮಾಡಿದಾಕೆ. ಮುಂದೆ ಕಾರ್ಖಾನೆ, ವ್ಯಾಪಾರದವರೂ ಆಕೆಯ ಸಲಹೆ ಕೇಳತೊಡಗಿದರು. 1925ರಲ್ಲಿ ಜಗಳದ ವಿಷಯವಾಗಿಯೇ ಒಂದು ಉಪನ್ಯಾಸ ಮಾಡಿದಳು. ಭಿನ್ನಾಭಿಪ್ರಾಯ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ, ಅದನ್ನು ಕೆಲಸಕ್ಕೆ ಹಚ್ಚಬೇಕು ಎಂಬುದು ಆಕೆಯ ವಾದ.

ಆಕೆ ಹೇಳಿದ ಉದಾಹರಣೆ ತುಂಬಾ ಸರಳ. ಗ್ರಂಥಾಲಯದ ಚಿಕ್ಕ ಕೋಣೆಯಲ್ಲಿ ಇಬ್ಬರು ಕೂತಿದ್ದಾರೆ. ಒಬ್ಬರಿಗೆ ಕಿಟಕಿ ತೆರೆಯಬೇಕು, ಫಾಲೆಟ್‌ಗೆ ಮುಚ್ಚಬೇಕು. ಯಾರಾದರೂ ಒಬ್ಬರು ಗೆಲ್ಲಬಹುದು. ಅರ್ಧ ತೆರೆದು ಅರ್ಧ ಮುಚ್ಚಬಹುದು, ಆಗ ಇಬ್ಬರಿಗೂ ಅರ್ಧ ಅಸಮಾಧಾನ. ಅವರು ಮಾಡಿದ್ದು ಬೇರೆ. ಪಕ್ಕದ ಖಾಲಿ ಕೋಣೆಯ ಕಿಟಕಿ ತೆರೆದರು. ಅವರಿಗೆ ಬೇಕಾಗಿದ್ದದ್ದು ಗಾಳಿ, ಈ ಕಿಟಕಿಯೇ ಆಗಬೇಕೆಂದಿರಲಿಲ್ಲ. ಆಕೆಗೆ ಬೇಡವಾಗಿದ್ದದ್ದು ನೇರ ಮೈಮೇಲೆ ಬೀಸುವ ಬಡಗಣ ಗಾಳಿ, ಅಷ್ಟೇ.

ನಮ್ಮ ರೊಟ್ಟಿ ಘಟಕಕ್ಕೆ ಬನ್ನಿ. ಅಧ್ಯಕ್ಷೆ "ನಾ ಹೇಳಿದ್ದ ಆಗಬೇಕು, ಇಲ್ಲಾಂದ್ರ ನಡೀರಿ" ಅಂದರೆ ಒಬ್ಬರ ಗೆಲುವು. ಸೋತವಳು ನಾಳೆ ನಿಧಾನಕ್ಕೆ ಬಡಿಯುತ್ತಾಳೆ. ನೂರಕ್ಕಿಂತ ಹೆಚ್ಚು ಬಡಿದವಳಿಗೆ ಐದೋ ಹತ್ತೋ ಕೈಗೆ ಹಾಕಿ ಬಾಯಿ ಮುಚ್ಚಿಸಿದರೆ ಅದು ಅರ್ಧ ಕಿಟಕಿ. ಪಕ್ಕದ ಕೋಣೆಯ ಕಿಟಕಿ ಯಾವುದು? ಅದನ್ನು ತಿಳಿಯಲು ಪ್ರತಿಯೊಬ್ಬಳನ್ನೂ "ನಿನಗೆ ಏನು ಬೇಕು" ಎಂದು ಮಾತ್ರ ಕೇಳಿದರೆ ಸಾಲದು, "ಯಾಕೆ ಬೇಕು" ಎಂದೂ ಕೇಳಬೇಕು. ಕೇಳಿದಾಗ ಗೊತ್ತಾಗುತ್ತದೆ: 130 ಬಡಿಯುವವಳಿಗೆ ಬೇಕಾದದ್ದು ಕೈಯ ವೇಗಕ್ಕೆ ತಕ್ಕ ದುಡ್ಡು. 80 ಬಡಿಯುವವಳಿಗೆ ಭುಜ ನೋವು, ಆಕೆಗೆ ಬೇಕಾದದ್ದು ಕೆಲಸ ಹೋಗಬಾರದು ಎಂಬ ಭದ್ರತೆ. ಉಳಿದವರಿಗೆ ಬೇಕಾದದ್ದು ತಿಂಗಳಲ್ಲಿ ಕೆಲವು ದಿನವಾದರೂ ಒಲೆಯ ಝಳದಿಂದ ಬಿಡುವು.

ಹೀಗೆ ಮಾಡಬಹುದು. ಬಡಿಯುವವರಿಗೆ ದಿನಗೂಲಿ ಬಿಟ್ಟು ರೊಟ್ಟಿಗೆ ಎರಡೂವರೆ ರೂಪಾಯಿ. 800 ರೊಟ್ಟಿಗೆ 2,000 ಆಗುತ್ತದೆ, ಸಂಘದ ಖರ್ಚು ಒಂದು ಪೈಸೆಯೂ ಹೆಚ್ಚಲಿಲ್ಲ. ಭುಜ ನೋವಿನವಳು ಎಣಿಸುವ, ಆರಿಸುವ ಕೆಲಸಕ್ಕೆ ಕಾಯಂ ಆಗಿ ಬರಲಿ. ದಪ್ಪ, ಹಸಿ, ಸೀದ ರೊಟ್ಟಿ ಬೇರೆ ಮಾಡುವುದಕ್ಕೆ ಅನುಭವ ಇರುವ ಕಣ್ಣು ಬೇಕು, ಅದು ಸುಖದ ಕೆಲಸವೇನಲ್ಲ. ಪ್ಯಾಕಿಂಗಿನ ಇನ್ನೊಂದು ಜಾಗ ವಾರಕ್ಕೊಬ್ಬರಂತೆ ಪಾಳಿ, ಅಧ್ಯಕ್ಷರ ನಾದಿನಿಯೂ ಪಾಳಿಯಲ್ಲೇ. ಇವರಿಬ್ಬರಿಗೆ ದಿನಗೂಲಿ 250. ಹಿಟ್ಟು ನಾದಿ ತೂಕ ಮಾಡಿ ಎಲ್ಲರ ಮುಂದೆ ಸಮನಾಗಿ ಇಡಬೇಕು. ಆರಿಸುವಾಗ ಹೊರಗೆ ಬಿದ್ದ ರೊಟ್ಟಿಗೆ ಕೂಲಿ ಇಲ್ಲ ಎಂದೂ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ವೇಗದ ಆಸೆಗೆ ಗುಣಮಟ್ಟ ಹೋಗುತ್ತದೆ.

ಕೂಲಿ ಬೇರೆ, ಲಾಭ ಬೇರೆ

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಅರ್ಧಕ್ಕರ್ಧ ಜಗಳ ಈ ಎರಡನ್ನು ಕಲಸುವುದರಿಂದಲೇ ಬರುತ್ತದೆ. ಕೂಲಿ ಎಂದರೆ ಇವತ್ತು ಮಾಡಿದ ಕೆಲಸಕ್ಕೆ ಸಿಗುವುದು. ಹೆಚ್ಚು ಮಾಡಿದವರಿಗೆ ಹೆಚ್ಚು, ಬಾರದವರಿಗೆ ಇಲ್ಲ. ಲಾಭ ಎಂದರೆ ಒಡೆತನಕ್ಕೆ ಸಿಗುವುದು. ಬ್ಯಾಂಕಿನ ಸಾಲಕ್ಕೆ ಹತ್ತೂ ಮಂದಿ ಜವಾಬ್ದಾರರು, ನಷ್ಟವಾದರೆ ಹತ್ತೂ ಮಂದಿಯ ಉಳಿತಾಯಕ್ಕೆ ಪೆಟ್ಟು. ಹಾಗಾಗಿ ವರ್ಷದ ಕೊನೆಗೆ ಲಾಭ ಹಂಚಿದರೆ ಸಮನಾಗಿ ಹಂಚುವುದು ನ್ಯಾಯ ಎಂದು ನಮ್ಮ ಅಭಿಪ್ರಾಯ. ಕೂಲಿಯಲ್ಲಿ ಸಮಾನತೆ ತರಲು ಹೋದರೆ ಚುರುಕಾದವಳು ಬಿಟ್ಟು ಹೋಗುತ್ತಾಳೆ, ಲಾಭದಲ್ಲಿ ಭೇದ ಮಾಡಿದರೆ ಬಡವಿ ಬಿಟ್ಟು ಹೋಗುತ್ತಾಳೆ.

ಲಿಜ್ಜತ್ ಹಪ್ಪಳ ನೀವು ತಿಂದಿರುತ್ತೀರಿ. 1959ರ ಮಾರ್ಚ್ 15ರಂದು ಮುಂಬಯಿಯ ಗಿರ್‌ಗಾಂವ್‌ನಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ತಂದು ಮಾಳಿಗೆಯ ಮೇಲೆ ಶುರು ಮಾಡಿದ್ದು. ಅವರಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಅಲ್ಲಿ ಹಿಟ್ಟನ್ನು ತೂಕ ಮಾಡಿ ಕೊಡುತ್ತಾರೆ, ಹಪ್ಪಳವನ್ನು ತೂಕ ಮಾಡಿ ತೆಗೆದುಕೊಳ್ಳುತ್ತಾರೆ, ಮಾಡಿದ ಕೆಲಸಕ್ಕೆ ತಕ್ಕ ಕೂಲಿ. ಲಾಭ ಮಾತ್ರ ಎಲ್ಲರದೂ. ಸಾವಿರಾರು ಹೆಂಗಸರಿರುವ ಕಡೆ ಮನಸ್ತಾಪ ಇರಲೇ ಇಲ್ಲ ಎಂದು ನಾವು ಹೇಳುವುದಿಲ್ಲ. ಆದರೆ ತಕ್ಕಡಿ ಎಲ್ಲರ ಕಣ್ಣ ಮುಂದೆ ಇದ್ದರೆ ಎಷ್ಟೋ ಮಾತು ಹುಟ್ಟುವುದೇ ಇಲ್ಲ.

ಲೆಕ್ಕದ ಪುಸ್ತಕವೂ ಹಾಗೆಯೇ. ಓದಲು ಬಾರದ ಸದಸ್ಯೆಯರಿಗಾಗಿ ವಾರಕ್ಕೊಮ್ಮೆ ಗಟ್ಟಿಯಾಗಿ ಓದಿ ಹೇಳಿ. ಬಂದ ಹಣ, ಹೋದ ಹಣ, ಯಾರ ಕೈಯಲ್ಲಿ ಎಷ್ಟು, ಗಿರಾಕಿಯಿಂದ ಬಾಕಿ ಎಷ್ಟು. ಡಬ್ಬಿ ಒಬ್ಬರ ಮನೆಯಲ್ಲಿ, ಕೀಲಿ ಇನ್ನೊಬ್ಬರ ಬಳಿ ಇರಲಿ.

ಯಾರಿಗೆ ಅನ್ಯಾಯವಾಯಿತೋ ಅವರ ಕೈಗೆ ಜವಾಬ್ದಾರಿ

ನಮ್ಮ ಸಂಘಗಳಲ್ಲಿ ಎಲ್ಲಾ ಧರ್ಮದವರೂ ಇದ್ದೀರಿ. ಆದರೂ ಬೈಬಲಿನ ಒಂದು ಪ್ರಸಂಗ ಹೇಳುತ್ತೇವೆ, ಯಾಕೆಂದರೆ ಅದೂ ಊಟ ಹಂಚುವ ಜಗಳವೇ. ಪ್ರೇಷಿತರ ಕಾರ್ಯಕಲಾಪಗಳು ಗ್ರಂಥದ ಆರನೆಯ ಅಧ್ಯಾಯದಲ್ಲಿ ಇದೆ. ಜೆರುಸಲೇಮಿನ ಮೊದಲ ಕ್ರೈಸ್ತರು ದಿನಾ ವಿಧವೆಯರಿಗೆ ಹಂಚುತ್ತಿದ್ದರು. ಗ್ರೀಕ್ ಭಾಷೆಯವರ ವಿಧವೆಯರಿಗೆ ಸರಿಯಾಗಿ ಸಿಗುತ್ತಿಲ್ಲ, ಹಿಬ್ರೂ ಭಾಷೆಯವರಿಗೇ ನಡೆಯುತ್ತದೆ ಎಂದು ಗೊಣಗಾಟ ಎದ್ದಿತು. ಹನ್ನೆರಡು ಮಂದಿ ಪ್ರೇಷಿತರು ಗೊಣಗಿದವರನ್ನು ಗದರಿಸಲಿಲ್ಲ. ಎಲ್ಲರನ್ನೂ ಕರೆದು, ನೀವೇ ಏಳು ಮಂದಿಯನ್ನು ಆರಿಸಿ, ಹಂಚುವ ಕೆಲಸ ಅವರಿಗಿರಲಿ ಎಂದರು. ಆರಿಸಿ ಬಂದ ಏಳೂ ಹೆಸರುಗಳನ್ನು ನೋಡಿ: ಸ್ತೇಫನ, ಫಿಲಿಪ್ಪ ಮುಂತಾಗಿ ಎಲ್ಲವೂ ಗ್ರೀಕ್ ಹೆಸರುಗಳು. ದೂರು ಹೇಳಿದ ಕಡೆಯವರ ಕೈಗೇ ಸಟ್ಟುಗ ಕೊಟ್ಟ ಹಾಗಾಯಿತು.

ಇದನ್ನು ನಾವೂ ಮಾಡಬಹುದು. "ಎಣಿಕಿ ಒಳಗ ಮೋಸ ಐತಿ" ಎಂದು ಹೇಳುವವಳನ್ನೇ ಒಂದು ತಿಂಗಳು ಎಣಿಕೆಗೆ ಕೂರಿಸಿ. ಮೋಸ ಇದ್ದರೆ ಹೊರಗೆ ಬರುತ್ತದೆ. ಇಲ್ಲದಿದ್ದರೆ ಆಕೆಯ ಬಾಯಿಂದಲೇ ಇಲ್ಲ ಎಂದು ಬರುತ್ತದೆ, ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕೇ?

ಇಬ್ಬರ ನಡುವಿನ ಮನಸ್ತಾಪಕ್ಕೆ ಯೇಸುಸ್ವಾಮಿ ಹೇಳಿದ ಕ್ರಮ ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿದೆ. ಮೊದಲು ಒಬ್ಬಳೇ ಹೋಗಿ ಆಕೆಯ ಹತ್ತಿರ ಮಾತಾಡು. ಕೇಳದಿದ್ದರೆ ಒಬ್ಬರನ್ನೋ ಇಬ್ಬರನ್ನೋ ಜೊತೆಗೆ ಕರೆದುಕೊಂಡು ಹೋಗು. ಆಗಲೂ ಆಗದಿದ್ದರೆ ಸಭೆಯ ಮುಂದೆ ಇಡು. ನಾವು ಸಾಮಾನ್ಯವಾಗಿ ಇದನ್ನು ತಲೆಕೆಳಗು ಮಾಡುತ್ತೇವೆ. ಮೊದಲು ಓಣಿಗೆಲ್ಲಾ ಹೇಳುತ್ತೇವೆ, ಆಮೇಲೆ ಒಕ್ಕೂಟಕ್ಕೆ, ಆಮೇಲೆ ಕಾರ್ಯಕರ್ತೆಗೆ ಫೋನು. ಆಕೆಗೆ ಮಾತ್ರ ಹೇಳುವುದೇ ಇಲ್ಲ. ಜೊತೆಗೆ ಕರೆದುಕೊಂಡು ಹೋಗುವವರು ನಿಮ್ಮ ಪಕ್ಷದವರಾಗಿರಬಾರದು, ಇಬ್ಬರಿಗೂ ಬೇಕಾದವರಾಗಿರಬೇಕು. ಮಾತಾಡುವಾಗ "ನೀ ಯಾವಾಗಲೂ ಹಿಂಗ" ಅನ್ನಬೇಡಿ. "ಮೊನ್ನೆ ಮಂಗಳವಾರ ನನ್ನ ಎಣಿಕಿ ಒಳಗ ಇಪ್ಪತ್ತು ಕಡಿಮಿ ಬಂತು" ಅನ್ನಿ. ಎರಡನೆಯದಕ್ಕೆ ಉತ್ತರ ಕೊಡಲು ಬರುತ್ತದೆ. ಸಭೆಗೆ ಬಂದು ತೀರ್ಮಾನವಾದರೆ ನಡಾವಳಿ ಪುಸ್ತಕದಲ್ಲಿ ಬರೆಯಿರಿ, ಬೈಗುಳ ಬೇಡ, ತೀರ್ಮಾನ ಮಾತ್ರ ಸಾಕು.

ರಾಜಿ ಮಾಡಬಾರದ ವಿಷಯಗಳು

ಎಲ್ಲವನ್ನೂ ಮಾತಾಡಿ ಸರಿಮಾಡಿಕೊಳ್ಳಿ ಎಂದು ನಾವು ಹೇಳುತ್ತಿಲ್ಲ. ದಲಿತ ಸಹೋದರಿಗೆ ಹಿಟ್ಟು ಮುಟ್ಟಬೇಡ, ನೀನು ಕಸ ಗುಡಿಸು, ಪಾತ್ರೆ ತೊಳಿ ಎಂದು ಹೇಳುವುದು, ಆಕೆಯ ನೀರಿನ ಲೋಟ ಬೇರೆ ಇಡುವುದು, ಆಕೆ ಬಡಿದ ರೊಟ್ಟಿಯನ್ನು ಬೇರೆ ಬುಟ್ಟಿಗೆ ಹಾಕುವುದು ಮನಸ್ತಾಪ ಅಲ್ಲ, ಅಪರಾಧ. "ಗಿರಾಕಿಗೆ ಗೊತ್ತಾದರ ತಗೋಳಂಗಿಲ್ಲರೀ" ಎಂಬ ಕಾರಣವನ್ನು ನಾವು ಒಪ್ಪುವುದಿಲ್ಲ. ಅಂಥ ಗಿರಾಕಿ ಹೋದರೆ ಹೋಗಲಿ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೆಯ ವಿಧಿಯೇ ರದ್ದು ಮಾಡಿದೆ, ಜಾತಿ ನಿಂದನೆಗೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಸಂಘ ಈ ವಿಷಯದಲ್ಲಿ ಒಬ್ಬಳ ಪರ ನಿಲ್ಲಲೇಬೇಕು, ಮಧ್ಯಸ್ಥಿಕೆ ಮಾಡಬಾರದು.

ಸಾಮಾನು ತರುವವನು, ಆಟೋದವನು, ಅಂಗಡಿಯವನು ಅಸಭ್ಯವಾಗಿ ಮಾತಾಡಿದರೆ, ಮೈ ಮುಟ್ಟಿದರೆ ಅದೂ ಹಾಗೆಯೇ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯಲು 2013ರ ಕಾಯ್ದೆ ಇದೆ. ಹತ್ತು ಮಂದಿಗಿಂತ ಕಡಿಮೆ ಕೆಲಸಗಾರರಿರುವ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸಾಮಾನ್ಯವಾಗಿ ಮೂರು ತಿಂಗಳೊಳಗೆ ಬರೆದು ಕೊಡಬೇಕು, ಬರೆಯಲು ಬಾರದಿದ್ದರೆ ಸಮಿತಿಯವರೇ ನೆರವಾಗಬೇಕು. ಮಹಿಳಾ ಸಹಾಯವಾಣಿ 181. ಇಂಥ ಸಂದರ್ಭದಲ್ಲಿ ಆರ್ಡರ್ ಹೋಗುತ್ತದೆ ಎಂದು ಆಕೆಯನ್ನು ಸುಮ್ಮನಿರಿಸಬೇಡಿ.

ಹಣ ದುರುಪಯೋಗ ಆಗಿದ್ದರೆ ಅದನ್ನೂ "ನಮ್ಮವಳೇ ಅಲ್ಲವಾ" ಎಂದು ಮುಚ್ಚಬೇಡಿ. ಆದರೆ ಲೆಕ್ಕ ನೋಡದೆ ಕಳ್ಳಿ ಎಂದು ಕರೆಯಲೂಬೇಡಿ. ಕೂಡಿಸುವಾಗ ತಪ್ಪಿದ ಲೆಕ್ಕಕ್ಕೂ ಕದ್ದ ಲೆಕ್ಕಕ್ಕೂ ಬಹಳ ವ್ಯತ್ಯಾಸ ಇದೆ.

ಮುಂದಿನ ಸಭೆಯಲ್ಲಿ ಚರ್ಚೆಗೆ

ಈ ಪಾಠವನ್ನು ಒಬ್ಬರು ಗಟ್ಟಿಯಾಗಿ ಓದಿ. ಆಮೇಲೆ ಗೋಲಾಗಿ ಕೂತು ಮಾತಾಡಿ. ಅಧ್ಯಕ್ಷೆ, ಕಾರ್ಯದರ್ಶಿ ಕೊನೆಗೆ ಮಾತಾಡಲಿ, ಮೊದಲು ಅವರು ಮಾತಾಡಿದರೆ ಉಳಿದವರು "ಹೂಂ" ಅಂದುಬಿಡುತ್ತಾರೆ.

ನಮ್ಮ ಘಟಕದಲ್ಲಿ ಕಳೆದ ಮೂರು ತಿಂಗಳಲ್ಲಿ ಆದ ಮನಸ್ತಾಪಗಳು ಯಾವ ಕೆಲಸದ ಮೇಲೆ, ಯಾವ ಹೊತ್ತಿನಲ್ಲಿ ಆದವು? ಆ ಕೆಲಸಕ್ಕೆ ಬರೆದಿಟ್ಟ ನಿಯಮ ಇದೆಯೇ?

ಮೇಲಿನ ಲೆಕ್ಕವನ್ನು ನಮ್ಮ ದರ, ನಮ್ಮ ಬಾಡಿಗೆ, ನಮ್ಮ ಕಂತು ಹಾಕಿ ಮಾಡಿದರೆ ಒಂದು ದೊಡ್ಡ ಗಿರಾಕಿ ಹೋದ ತಿಂಗಳು ನಮ್ಮ ಉಳಿತಾಯದಿಂದ ಎಷ್ಟು ತೆಗೆಯಬೇಕಾಗುತ್ತದೆ?

ಒಲೆಯ ಮುಂದೆ ಯಾರು, ಎಣಿಕೆಗೆ ಯಾರು, ಕಸಕ್ಕೆ ಯಾರು? ಹೋದ ತಿಂಗಳ ಹಾಜರಿ ಪುಸ್ತಕ ತೆಗೆದು ಹೆಸರು ಓದಿ. ಒಂದೇ ಕೆಲಸಕ್ಕೆ ಒಂದೇ ಹೆಸರು ಎಷ್ಟು ಸಲ ಬಂತು ಎಂದು ಎಣಿಸಿ.

ನಮ್ಮ ಸಭೆಯಲ್ಲಿ ಆರು ತಿಂಗಳಿಂದ ಬಾಯಿ ಬಿಡದ ಸದಸ್ಯೆ ಯಾರು? ಈ ವಾರ ಆಕೆಯ ಮನೆಗೆ ಹೋಗಿ ಮಾತಾಡಿಸಿ ಬರುವವರು ಯಾರು?